ಕೂತಲ್ಲಿಂದಲೇ ಹೇಳುವ ‘ಬೇಡ’

ನಮ್ಮ ನಡುಮನೆಯಲ್ಲಿ ಒಂದು ಗೇಟು ಗೋಡೆಗೆ ಒರಗಿಕೊಂಡು ನಿಂತಿದೆ. ಬಿಳಿಯ ಪ್ಲಾಸ್ಟಿಕ್ಕಿನದು, ನನ್ನ ಸೊಂಟದಷ್ಟು ಎತ್ತರ. ತೆರೆದರೂ ಗೋಡೆ, ಮುಚ್ಚಿದರೂ ಗೋಡೆ. ಮನೆಗೆ ಬಂದವರು ಕಾಫಿ ಲೋಟ ಹಿಡಿದು ಅದನ್ನೇ ನೋಡುತ್ತಾರೆ. ಕೇಳಲೋ ಬೇಡವೋ ಎಂದು ಒಂದಷ್ಟು ಹೊತ್ತು ತಡೆದುಕೊಂಡು, ಕಡೆಗೆ ‘ಇದೇನ್ರೀ ಇದು’ ಎಂದು ಕೇಳಿಯೇ ಬಿಡುತ್ತಾರೆ. ‘ಬಟ್ಟೆ ಒಣಗಿಹಾಕೋಕೆ’ ಎನ್ನುತ್ತೇನೆ. ಸುಳ್ಳೇನಲ್ಲ. ಈಗ ಅದರ ಮೇಲೆ ಚಿನ್ನುವಿನ ಎರಡು ಚಡ್ಡಿ, ಒಂದು ಜೊಲ್ಲುಬಟ್ಟೆ, ನಮ್ಮ ಯಜಮಾನರ ಟವೆಲ್ಲು ಒಣಗುತ್ತಿವೆ. ಪೂರ್ತಿ ಕಥೆ ಹೇಳಲು ಹೊರಟರೆ ಬಂದವರ ಕಾಫಿ ಆರಿಹೋಗುತ್ತದೆ. ನೀವು ಹೇಗೂ ಕೂತಿದ್ದೀರಿ, ನಿಮಗೆ ಹೇಳುತ್ತೇನೆ.

ಚಿನ್ನು ನನ್ನ ಮೊಮ್ಮಗಳು. ಇನ್ನೂ ಒಂದೂವರೆ ವರ್ಷ ತುಂಬಿಲ್ಲ. ನಾಮಕರಣದಲ್ಲಿ ಇಟ್ಟ ಉದ್ದದ ಹೆಸರೊಂದಿದೆ, ಅದನ್ನು ಡಾಕ್ಟರು ಮಾತ್ರ ಕರೆಯುತ್ತಾರೆ. ಮಗಳು ಸ್ಮಿತಾ ಮತ್ತು ಅಳಿಯ ಇರುವುದು ಹನುಮಂತನಗರದಲ್ಲಿ. ಬೆಳಿಗ್ಗೆ ಸ್ಮಿತಾ ಆಟೋದಲ್ಲಿ ಬಂದು ಮಗುವನ್ನು, ಒಂದು ಚೀಲವನ್ನು, ಒಂದಷ್ಟು ಸೂಚನೆಗಳನ್ನು ನನ್ನ ಕೈಗೊಪ್ಪಿಸಿ, ಅದೇ ಆಟೋದಲ್ಲಿ ಗಾಂಧಿನಗರದ ಆಡಿಟರ್ ಆಫೀಸಿಗೆ ಹೋಗುತ್ತಾಳೆ. ದೀಪ ಹಚ್ಚುವ ಹೊತ್ತಿಗೆ ಬಂದು ಮಗುವನ್ನೂ ಚೀಲವನ್ನೂ ತೆಗೆದುಕೊಂಡು ಹೋಗುತ್ತಾಳೆ. ಸೂಚನೆಗಳು ನನ್ನ ಬಳಿಯೇ ಉಳಿಯುತ್ತವೆ. ನಡುವಿನ ಹೊತ್ತು ಮನೆಯಲ್ಲಿ ನಾವು ಮೂರು ಹೆಂಗಸರು: ಚಿನ್ನು, ನಾನು, ಎಂಬತ್ತು ದಾಟಿದ ನಮ್ಮತ್ತೆ. ಯಜಮಾನರಿಗೆ ತಿಂಡಿ ಆದ ಕೂಡಲೇ ಹೊರಗೆ ಏನೋ ಕೆಲಸವಿರುವುದು ನೆನಪಾಗುತ್ತದೆ. ಆ ಕೆಲಸ ಮಗು ಮಲಗುವ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ.

ಆಯಾಸ ಎಂದರೇನೆಂದು ನಿವೃತ್ತಿಯಾಗುವ ತನಕ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಆಫೀಸಿನಲ್ಲಿ ಆಯಾಸವಾದರೆ ಟೇಬಲ್ಲಿನ ಮೇಲೆ ಕೈಯಿಟ್ಟು ಕೂರಬಹುದಿತ್ತು. ಈಗ ನನ್ನ ಬದುಕಿನ ದೊಡ್ಡ ಆಸೆಯೇ ಕೂರುವುದು. ಕೂತೆ ಎನ್ನುವಷ್ಟರಲ್ಲಿ ಅಡುಗೆಮನೆಯಿಂದ ಡಬ್ಬ ಉರುಳಿದ ಸದ್ದು ಬರುತ್ತದೆ. ಡಬ್ಬ ಎತ್ತಿಟ್ಟು ಬರುವಷ್ಟರಲ್ಲಿ ಅತ್ತೆಯ ಕನ್ನಡಕ ನೀರಿನ ಬಕೆಟ್ಟಿನಲ್ಲಿ ಮುಳುಗಿರುತ್ತದೆ. ಎದ್ದಾಗಲೆಲ್ಲ ಬಲಮಂಡಿ ಚಿಟಕಿ ಹೊಡೆದ ಹಾಗೆ ಸದ್ದು ಮಾಡುತ್ತದೆ. ಚಿನ್ನುವಿಗೆ ಆ ಸದ್ದೆಂದರೆ ಇಷ್ಟ, ಇನ್ನೊಮ್ಮೆ ಮಾಡು ಎಂಬಂತೆ ಮಂಡಿಯನ್ನೇ ನೋಡುತ್ತಾಳೆ.

ಇದೆಲ್ಲ ಹೇಗೋ ನಡೆಯುತ್ತಿತ್ತು. ನಡೆಯದೇ ಇದ್ದದ್ದು ಬಾಗಿಲ ವಿಷಯ.

ನಮ್ಮ ಮನೆ ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿದೆ. ಹೊಸ್ತಿಲು ದಾಟಿದರೆ ಮೂರು ಮೆಟ್ಟಿಲು, ಮೆಟ್ಟಿಲಿಳಿದರೆ ರಸ್ತೆ. ನಡುವೆ ಅಂಗಳವಿಲ್ಲ, ಕಾಂಪೌಂಡಿಲ್ಲ. ಹಿಂದೊಮ್ಮೆ ಜಗಲಿ ಇತ್ತಂತೆ, ಅದನ್ನು ರಸ್ತೆ ನುಂಗಿತು. ತರಗುಪೇಟೆಯಿಂದ ಬೇಳೆಕಾಳಿನ ಮೂಟೆ ಹೇರಿಕೊಂಡ ಲಗೇಜ್ ಆಟೋಗಳು ದೊಡ್ಡ ರಸ್ತೆಯ ಸಿಗ್ನಲ್ ತಪ್ಪಿಸಲು ನಮ್ಮ ಅಡ್ಡರಸ್ತೆಗೆ ನುಗ್ಗುತ್ತವೆ. ಹಾಗಾದರೆ ಬಾಗಿಲು ಹಾಕಿಕೊಳ್ಳಿ ಎಂದು ನೀವು ಹೇಳುತ್ತೀರಿ. ಎರಡು ಪಕ್ಕದಲ್ಲೂ ನಾಲ್ಕು ಅಂತಸ್ತಿನ ಕಟ್ಟಡಗಳು ಎದ್ದ ಮೇಲೆ ನಮ್ಮ ಮನೆಗೆ ಗಾಳಿ ಬೆಳಕು ಬರುವುದು ಮುಂಬಾಗಿಲಿನಿಂದ ಮಾತ್ರ. ಅದೂ ಅಲ್ಲದೆ, ಹಗಲು ಹೊತ್ತು ಬಾಗಿಲು ಮುಚ್ಚುವ ಪದ್ಧತಿ ಈ ಮನೆಯಲ್ಲಿಲ್ಲ. ‘ಬಾಗ್ಲು ಹಾಕಿರೋ ಮನೇಗೆ ಯಾವ ಲಕ್ಷ್ಮಿ ಬರ್ತಾಳೆ’ ಎಂದು ಅತ್ತೆ ಕೇಳುತ್ತಾರೆ. ಬಾಗಿಲು ತೆರೆದಿಟ್ಟ ಇಷ್ಟು ವರ್ಷದಲ್ಲಿ ಆಕೆ ಬಂದದ್ದನ್ನು ನಾನಂತೂ ನೋಡಿಲ್ಲ. ಆದರೂ ಬರುವುದಿದ್ದರೆ ನನ್ನಿಂದ ತಪ್ಪುವುದು ಬೇಡವೆಂದು ಸುಮ್ಮನಿದ್ದೇನೆ.

ಅದಕ್ಕೇ ಅಳಿಯ ಆನ್‌ಲೈನಿನಲ್ಲಿ ಆ ಗೇಟು ತರಿಸಿದ. ಮೊಳೆ ಬೇಕಿಲ್ಲ, ಎರಡು ಕಡೆ ತಿರುಪು ತಿರುಗಿಸಿದರೆ ಬಾಗಿಲವಾಡವನ್ನು ಅದೇ ಒತ್ತಿ ಹಿಡಿದುಕೊಳ್ಳುತ್ತದೆ ಎಂದ. ನಮ್ಮ ಬಾಗಿಲವಾಡ ಯಾವ ಕಾಲದ್ದೋ, ಮೇಲೊಂದಳತೆ ಕೆಳಗೊಂದಳತೆ, ಬಲಕ್ಕೆ ಸ್ವಲ್ಪ ವಾಲಿದೆ. ಚಿನ್ನು ಬಂದಳು, ಕಂಬಿಗಳನ್ನು ಹಿಡಿದಳು, ಅಲ್ಲಾಡಿಸಿದಳು. ಗೇಟು ಅವಳನ್ನೂ ಕರೆದುಕೊಂಡು ಹಿಂದಕ್ಕೆ ಬಿತ್ತು. ಬಡಗಿಯನ್ನು ಕರೆಸಿ ಮೊಳೆ ಹೊಡೆಸೋಣವೆಂದರೆ ಅತ್ತೆ ಕುರ್ಚಿಯಿಂದಲೇ, ‘ಬಾಗಿಲವಾಡಕ್ಕೆ ಮೊಳೆ ಹೊಡೀತೀರಾ? ನಾನಿರೋ ತನಕ ಬೇಡ’ ಎಂದರು. ಬಡಗಿ ಚೀಲ ಎತ್ತಿಕೊಂಡು ಹೋದ. ಈ ಮನೆಯಲ್ಲಿ ಎಲ್ಲರೂ ಕೇಳುವ ‘ಬೇಡ’ ಅದೊಂದೇ. ಅದನ್ನು ಅವರು ಕೂತಲ್ಲಿಂದಲೇ ಹೇಳುತ್ತಾರೆ. ನನಗೆ ಹೊಟ್ಟೆಕಿಚ್ಚಾಯಿತು.

ಗೇಟು ಗೋಡೆ ಸೇರಿದ ಮೇಲೆ ಉಳಿದದ್ದು ಬಾಯಿಮಾತೊಂದೇ.

‘ಅಮ್ಮಾ, ಬೇಡ ಅಂದ್ರೆ ನಿಲ್ಲೋದು ಅವ್ಳಿಗೆ ಕಲಿಸ್ಬೇಕು’ ಎಂದಳು ಸ್ಮಿತಾ, ಮೊಬೈಲಿನಲ್ಲಿ ಏನೋ ಓದುತ್ತ. ‘ಮನೇಲಿ ಎಲ್ಲಾರೂ ಒಂದೇ ಥರ ಹೇಳ್ಬೇಕಂತೆ. ಹೇಳೋವಾಗ ನಗಬಾರ್ದಂತೆ.’ ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದಳು. ‘ನಿಂಗೆ ಕಷ್ಟ ಆಗ್ತಿದ್ರೆ ಹೇಳಮ್ಮ. ಡೇ ಕೇರ್‌ಗೆ ಹಾಕ್ತೀವಿ. ಆ ರಸ್ತೆ ನೆನೆಸ್ಕೊಂಡ್ರೆ ಆಫೀಸಲ್ಲಿ ಕೂರಕ್ಕಾಗಲ್ಲ ನಂಗೆ.’

ಪ್ರೀತಿಯಿಂದಲೇ ಹೇಳಿದಳು. ಡೇ ಕೇರ್ ಎಂದಾಗ ನನ್ನ ಮಂಡಿಗೆ ಸಂತೋಷವಾಯಿತು, ನನಗೆ ಆಗಲಿಲ್ಲ. ಹೋಗಲಿ ಬಿಡು, ಹಾಕು ಎನ್ನಲು ಬಾಯಿ ತೆರೆದವಳು, ‘ನಾನು ಕಲಿಸ್ತೀನಿ ಹೋಗೆ’ ಎಂದುಬಿಟ್ಟೆ. ಜಂಬವೂ ಇತ್ತು. ಸರ್ಕಾರಿ ಕಚೇರಿಯ ಕಿಟಕಿಯಲ್ಲಿ ಮೂವತ್ತು ವರ್ಷದ ಹತ್ತಿರ ಕೂತು ಜನಕ್ಕೆ ‘ಆಗಲ್ಲ’ ಎಂದು ಹೇಳಿದವಳು ನಾನು. ಕಿಟಕಿಯ ಆಚೆ ಎಂಥ ದೊಡ್ಡ ಮನುಷ್ಯರೇ ನಿಂತಿರಲಿ, ತಲೆಯೆತ್ತದೆ ‘ಇವತ್ತಾಗಲ್ಲ, ಸೋಮವಾರ ಬನ್ನಿ’ ಎಂದರೆ ಹೋಗುತ್ತಿದ್ದರು. ಸೋಮವಾರ ಬರುತ್ತಲೂ ಇದ್ದರು. ಅಂಥವಳಿಗೆ ಹಾಲುಹಲ್ಲಿನ ಈ ಹುಡುಗಿ ಯಾವ ಲೆಕ್ಕ ಎಂದುಕೊಂಡೆ.

ನಮ್ಮಂಥವರ ಮನೆಗಳಲ್ಲಿ ‘ಬೇಡ’ ಎಂಬುದನ್ನು ಕಲಿಸುವುದು ಎಷ್ಟು ಕಷ್ಟವೆಂದು ಕಲಿಸಲು ಕೂತಾಗಲೇ ತಿಳಿದದ್ದು. ಮೊದಲನೆಯದಾಗಿ, ಮಗುವಿಗೆ ಅದನ್ನು ನಾವು ಹೇಳುವುದೇ ಇಲ್ಲ. ಮಗು ಕತ್ತರಿ ಹಿಡಿದರೆ ಕಿತ್ತು ಬೆನ್ನ ಹಿಂದೆ ಬಚ್ಚಿಟ್ಟು, ‘ಕಾಕಿ ಎತ್ಕೊಂಡ್ಹೋಯ್ತು’ ಎನ್ನುತ್ತೇವೆ. ರಿಮೋಟು, ಔಷಧಿ ಡಬ್ಬಿ, ಅತ್ತೆಯ ಕನ್ನಡಕ, ಎಲ್ಲವನ್ನೂ ನಮ್ಮ ಬೀದಿಯ ಕಾಗೆಗಳು ಹೊತ್ತುಕೊಂಡು ಹೋಗಿವೆ. ಈಗ ಚಿನ್ನು ಕಾಗೆ ಕಂಡರೆ ಎರಡೂ ಕೈ ಚಾಚಿ ಜಗಳಕ್ಕೆ ನಿಲ್ಲುತ್ತಾಳೆ. ಅವಳ ಆಸ್ತಿಯೆಲ್ಲ ಅವುಗಳ ಹತ್ತಿರವಿದೆಯಲ್ಲ.

ಎರಡನೆಯದಾಗಿ, ದೊಡ್ಡವರಲ್ಲಿ ನಾವು ‘ಬೇಡ’ ಎಂದರೆ ಅದು ಉಪಚಾರ. ನನ್ನಮ್ಮ ನಮ್ಮನ್ನು ಯಾರ ಮನೆಗಾದರೂ ಕರೆದುಕೊಂಡು ಹೋಗುವ ಮೊದಲು ಎರಡು ಜಡೆ ಬಿಗಿಯಾಗಿ ಹೆಣೆಯುತ್ತ ಹೇಳಿಕೊಡುತ್ತಿದ್ದಳು. ‘ಏನ್ ಕೊಟ್ರೂ ಬೇಡ ಅನ್ನು. ಇನ್ನೊಂದ್ಸಲ ಕೊಟ್ರೂ ಬೇಡ ಅನ್ನು. ಮೂರನೇ ಸಲ ಕೊಟ್ರೆ ನನ್ ಮುಖ ನೋಡು.’ ಒಮ್ಮೆ ಮಲ್ಲೇಶ್ವರದಲ್ಲಿ ಅಪ್ಪನ ಆಫೀಸಿನ ಯಾರದೋ ಮನೆಗೆ ಹೋಗಿದ್ದೆವು. ಆ ಮನೆಯಾಕೆ ಕೊಬ್ಬರಿಮಿಠಾಯಿಯ ತಟ್ಟೆ ತಂದು ಮುಂದಿಟ್ಟರು. ಗುಲಾಬಿ ಬಣ್ಣದ, ಚೌಕವಾಗಿ ಕತ್ತರಿಸಿದ ಮಿಠಾಯಿ. ನಾನು ಬಾಯಲ್ಲಿ ನೀರು ನುಂಗಿಕೊಂಡು ‘ಬೇಡ’ ಎಂದೆ. ಆಕೆ ‘ಹೌದಾ’ ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ವಾಪಸು ಬರುವಾಗ ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸಿದೆವು. ಆಮೇಲೆ ಅಮ್ಮ, ‘ಎಂಥವಳೇ ಆಕೆ, ಮಗು ಬೇಡ ಅಂದ್ರೆ ಬೇಡ ಅಂತಾನೇ ತಿಳ್ಕೊಂಡ್ಬಿಟ್ಲು’ ಎಂದಳು. ಆ ಮಿಠಾಯಿ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಚಿನ್ನು ನೆಲದ ಮೇಲೆ ಕೂತು ನಮ್ಮೆಲ್ಲರ ಊಟ ನೋಡುತ್ತಿರುತ್ತಾಳೆ. ಅತ್ತೆ ತಟ್ಟೆಗೆ ಅಡ್ಡಲಾಗಿ ಕೈ ಹಿಡಿದು ‘ಬೇಡ್ವೇ, ಸಾಕು, ಬೇಡ’ ಎನ್ನುತ್ತಾರೆ. ನಾನು ಅವರ ಬೆರಳ ಸಂದಿಯಿಂದಲೇ ಹುಳಿ ಬಡಿಸುತ್ತೇನೆ. ಬಡಿಸದಿದ್ದರೆ ಸಂಜೆಯ ತನಕ ಮುಖ ದಪ್ಪವಾಗಿರುತ್ತದೆ. ಇದನ್ನು ದಿನವೂ ನೋಡುವ ಮಗು ಆ ಮಾತನ್ನು ನಂಬೀತೆ?

ಇವೆಲ್ಲಕ್ಕಿಂತ ದೊಡ್ಡ ತೊಡಕನ್ನು ನಾವೇ ಕೈಯಾರೆ, ಮುಹೂರ್ತ ನೋಡಿ ಮಾಡಿಕೊಂಡಿದ್ದೆವು. ಮಗು ಅಂಬೆಗಾಲಿಟ್ಟು ಮೊದಲ ಸಲ ಹೊಸ್ತಿಲು ದಾಟಿದರೆ ಸಿಹಿ ಮಾಡಿ ಆರತಿ ಎತ್ತುವುದು ನಮ್ಮಲ್ಲಿ ರೂಢಿ. ಚಿನ್ನು ಹೊಸ್ತಿಲ ಮೇಲೆ ಕೈಯಿಟ್ಟಳೆಂದು ಗೊತ್ತಾದ ವಾರವೇ ಅತ್ತೆ ಒಂದು ಶುಕ್ರವಾರ ಗೊತ್ತುಮಾಡಿದರು. ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಮೆಟ್ಟಿಲ ಮೇಲೆ ರಂಗೋಲಿ ಬಿಟ್ಟು, ನಾವೆಲ್ಲ ಹೊರಗೆ ನಿಂತು ಕರೆದೆವು. ಮಗು ದಾಟಿತು. ಚಪ್ಪಾಳೆ ತಟ್ಟಿದೆವು, ಅತ್ತೆ ನಡುಗುವ ದನಿಯಲ್ಲಿ ಹಾಡಿದರು, ಕೆಂಪು ನೀರಿನ ಆರತಿ ಆಯಿತು, ಹೋಳಿಗೆಯ ಹೂರಣ ನೆಕ್ಕಿಸಿದ್ದಾಯಿತು. ಅಳಿಯನ ವಿಡಿಯೋದಲ್ಲಿ ನನ್ನ ಮೊಣಕೈ ಅಡ್ಡ ಬಂದಿತ್ತು. ಮಗುವನ್ನು ಎತ್ತಿ ಒಳಗಿಟ್ಟು ಇನ್ನೊಮ್ಮೆ ದಾಟಿಸಿದೆವು, ಮತ್ತೆ ಚಪ್ಪಾಳೆ, ಮತ್ತೆ ಹೂರಣ. ಪಕ್ಕದ ಮನೆಯವರು ಬಂದರು, ಅವರಿಗೆಂದು ಮತ್ತೊಮ್ಮೆ. ಹೀಗೆ ಒಂದು ಬೆಳಗೆಲ್ಲ ಕಷ್ಟಪಟ್ಟು ಕಲಿಸಿದ ಪಾಠವನ್ನು ಅವಳು ಮರೆಯದಿದ್ದದ್ದು ಅವಳ ತಪ್ಪಲ್ಲ.

ಕಾಲು ಬಂದ ಮೇಲೆ ಚಿನ್ನು ದಿನವೂ ಅದನ್ನೇ ಮಾಡುತ್ತಿದ್ದಳು. ಓಡಿ ಹೋಗಿ ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ನೋಡುವವರು ಸಿದ್ಧವಾಗಿದ್ದಾರೋ ಎಂದು ತಿರುಗಿ ನೋಡುವಳು. ನಾನು ‘ಬೇಡ ಚಿನ್ನು’ ಎನ್ನುವೆ. ಅವಳು ನಗುವಳು. ಆ ನಗು ನೋಡಿ ಅತ್ತೆ ಕುರ್ಚಿಯಲ್ಲೇ ಚಪ್ಪಾಳೆ ತಟ್ಟುವರು. ‘ಅತ್ತೆ, ನೀವು ಚಪ್ಪಾಳೆ ತಟ್ಟಬೇಡಿ’ ಎಂದರೆ, ‘ಕೈ ತಡೆಯಲ್ವೇ ವಿಮಲಾ’ ಎನ್ನುವರು. ಅಷ್ಟರಲ್ಲಿ ಅವಳು ಆಚೆ ದಾಟಿ, ಹೂರಣಕ್ಕೆಂದು ಬಾಯಿ ತೆರೆದು ನಿಂತಿರುವಳು. ನಾನು ಎದ್ದು, ಮಂಡಿ ಸದ್ದು ಮಾಡಿ, ಎತ್ತಿಕೊಂಡು ಬರುವೆ. ಇಳಿಸಿದರೆ ಮತ್ತೆ ಓಟ. ಗಟ್ಟಿಯಾಗಿ ಹೇಳಿ ನೋಡಿದೆ, ಮೆತ್ತಗೆ ಹೇಳಿ ನೋಡಿದೆ, ಬೆರಳು ಆಡಿಸಿ ನೋಡಿದೆ. ಕಿಟಕಿಯ ದನಿಯಲ್ಲಿ ‘ಆಗಲ್ಲ’ ಎಂದೂ ನೋಡಿದೆ. ಅದಕ್ಕೆ ಅವಳು ಎಲ್ಲಕ್ಕಿಂತ ಜಾಸ್ತಿ ನಕ್ಕಳು. ಸಂಜೆ ಸ್ಮಿತಾ ‘ಏನಾದ್ರೂ ಕಲಿತ್ಲಾ’ ಎಂದು ಕೇಳಿದರೆ ನಾನು ಸೊಪ್ಪಿನ ಬೆಲೆಯ ಮಾತೆತ್ತುತ್ತಿದ್ದೆ.

ಒಂದು ಬೆಳಿಗ್ಗೆ ಸೊಪ್ಪಿನ ಗಾಡಿ ಬಂದಿತ್ತು. ನಾನು ಮೆಟ್ಟಿಲಿಳಿದು ಗಾಡಿಯ ಇನ್ನೊಂದು ಬದಿಗೆ ನಿಂತು ಮೆಂತ್ಯದ ಕಟ್ಟು ಬಿಡಿಸಿ ನೋಡುತ್ತಿದ್ದೆ. ಹಿಂದೆ ಅತ್ತೆಯ ಚಪ್ಪಾಳೆ ಕೇಳಿತು. ತಿರುಗಿದರೆ ಚಿನ್ನು ಹೊಸ್ತಿಲು ದಾಟಿ, ಮೆಟ್ಟಿಲ ಮೇಲೆ ಕೂತು ಜಾರುತ್ತ ಇಳಿದು, ಕೊನೆಯ ಮೆಟ್ಟಿಲಲ್ಲಿ ಎದ್ದು ನಿಂತಿದ್ದಳು. ಅವಳಿಗೂ ನನಗೂ ನಡುವೆ ಸೊಪ್ಪಿನ ಗಾಡಿ. ಆಚೆಯಿಂದ ಮೂಟೆ ಹೇರಿದ ಲಗೇಜ್ ಆಟೋ ಹಿಂದಕ್ಕೆ ಬರುತ್ತಿತ್ತು. ಅದರ ಡ್ರೈವರ್ ಇನ್ನೊಂದು ಕಡೆ ಕತ್ತು ಹೊರಗೆ ಹಾಕಿ ನೋಡುತ್ತಿದ್ದ. ಚಿನ್ನು ನನ್ನನ್ನು ನೋಡಿ ನಕ್ಕು, ರಸ್ತೆಗೆ ಕಾಲು ಚಾಚಿದಳು.

‘ಬೇಡ’ ಎಂದೆ.

ಆ ದನಿ ಎಲ್ಲಿಂದ ಬಂತೋ ಗೊತ್ತಿಲ್ಲ. ಕಿರುಚಿದ್ದಲ್ಲ. ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ ನಾನು ಅಂಥ ದನಿ ತೆಗೆದವಳಲ್ಲ. ಸೊಪ್ಪಿನಾಕೆಯ ಕೈ ತಕ್ಕಡಿಯ ಮೇಲೆ ನಿಂತಿತು. ಒಳಗೆ ಚಪ್ಪಾಳೆ ನಿಂತಿತು. ಚಿನ್ನುವಿನ ಕಾಲು ಗಾಳಿಯಲ್ಲೇ ನಿಂತು, ನಿಧಾನವಾಗಿ ಮೆಟ್ಟಿಲಿಗೆ ವಾಪಸು ಬಂತು. ಆಟೋ ಮೆಟ್ಟಿಲನ್ನು ಸವರಿಕೊಂಡು ಹೋಯಿತು. ‘ಮಗು ನೋಡ್ಕೊಳಮ್ಮಾ’ ಎಂದು ಡ್ರೈವರ್ ಬೈದ. ಬೈಯುವ ಹಕ್ಕು ಅವನಿಗಿತ್ತು. ಚಿನ್ನುವಿನ ತುಟಿ ಮುದುಡಿತು, ಆಮೇಲೆ ಅಳು ಬಂತು. ನಾನು ಗಾಡಿ ಸುತ್ತಿ ಬಂದು, ಮೆಂತ್ಯದ ಕಟ್ಟಿನ ಸಮೇತ ಅವಳನ್ನು ತಬ್ಬಿಕೊಂಡು ಮೆಟ್ಟಿಲ ಮೇಲೆ ಕುಸಿದೆ.

ಮಾರನೆಯ ದಿನದಿಂದ ಚಿನ್ನು ಹೊಸ್ತಿಲು ದಾಟಲಿಲ್ಲ. ಅದರ ಹತ್ತಿರ ಬಂದು ನಿಲ್ಲುವಳು, ನನ್ನ ಕಡೆ ತಿರುಗುವಳು. ನಾನು ಕೂತಲ್ಲಿಂದಲೇ ‘ಬೇಡ’ ಎನ್ನುವೆ. ಅವಳು ಹಿಂದಕ್ಕೆ ಬರುವಳು. ಇಷ್ಟು ದಿನ ನಾನು ಬಯಸಿದ್ದು ಇದನ್ನೇ ತಾನೇ. ಸ್ಮಿತಾಳಿಗೆ ಫೋನು ಮಾಡಿ ಹೇಳಿದೆ. ಯಜಮಾನರಿಗೆ ಮಾಡಿ ತೋರಿಸಿದೆ. ಎಷ್ಟೋ ತಿಂಗಳ ಮೇಲೆ ಕಾಫಿಯನ್ನು ಬಿಸಿಯಿರುವಾಗಲೇ ಕುಡಿದೆ.

ಕಾಫಿ ಕುಡಿಯುತ್ತ ಕೂತಿದ್ದಾಗಲೇ ಕಂಡದ್ದು. ಚಿನ್ನು ನೆಲದ ಮೇಲಿದ್ದ ಅವಳದೇ ಚಮಚ ಎತ್ತಿಕೊಳ್ಳಲು ಬಗ್ಗಿದಳು. ಮುಟ್ಟುವ ಮೊದಲು ತಲೆಯೆತ್ತಿ ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಅವಳು ಚಮಚ ಬಿಟ್ಟಳು. ಚೆಂಡಿನ ಹತ್ತಿರ ಹೋದಳು, ಮತ್ತೆ ನನ್ನ ಮುಖ ನೋಡಿದಳು. ಆ ನೋಟ ನನಗೆ ಗೊತ್ತು. ಬಿಗಿಯಾದ ಎರಡು ಜಡೆ ಹಾಕಿಕೊಂಡು, ಗುಲಾಬಿ ಮಿಠಾಯಿಯ ಮುಂದೆ ಕೂತು, ಅಮ್ಮನ ಮುಖ ನೋಡುತ್ತಿದ್ದವಳದು. ‘ಕೂಸು ಹೆದರ್ಕೊಂಡಿದೆ ಕಣೆ’ ಎಂದರು ಅತ್ತೆ. ನಾನು, ‘ಹಾಗೇನಿಲ್ಲ, ಬುದ್ಧಿ ಬಂದಿದೆ’ ಎಂದೆ. ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟೆ.

ಅವತ್ತು ಸಂಜೆ ಸ್ಮಿತಾ ಆಟೋ ಇಳಿದು ಮೆಟ್ಟಿಲು ಹತ್ತಿ ಹೊಸ್ತಿಲಾಚೆ ನಿಂತು ಎರಡೂ ಕೈ ಚಾಚಿದಳು. ‘ಬಾ ಬಂಗಾರ, ಬಾ’ ಎಂದಳು. ಬೇರೆ ದಿನವಾದರೆ ಮಗು ಹಾರಿಯೇ ಹೋಗುತ್ತಿತ್ತು. ಅವತ್ತು ಓಡಿ ಬಂದು ಹೊಸ್ತಿಲ ಈಚೆ ಗಕ್ಕನೆ ನಿಂತಳು. ಅಮ್ಮನನ್ನು ನೋಡಿದಳು, ತಿರುಗಿ ನನ್ನನ್ನು ನೋಡಿದಳು, ನಿಂತೇ ಇದ್ದಳು.

‘ಯಾಕಮ್ಮಾ, ನನ್ ಹತ್ರಾನೂ ಬರ್ತಿಲ್ವಲ್ಲಾ’ ಎಂದಳು ಸ್ಮಿತಾ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಚಾಚಿದ ಕೈ ಹಾಗೇ ಇತ್ತು.

ನಾನು ‘ಹೋಗು ಚಿನ್ನು’ ಎಂದೆ. ಕೂತಲ್ಲಿಂದಲೇ. ಅವಳು ಅಲ್ಲಾಡಲಿಲ್ಲ. ಕೂತಲ್ಲಿಂದ ಹೇಳಿದರೆ ‘ಬೇಡ’ ತಲುಪುತ್ತದೆ, ‘ಹೋಗು’ ತಲುಪುವುದಿಲ್ಲ ಎಂದು ನನಗೆ ಆಗ ತಿಳಿಯಿತು. ಎದ್ದೆ. ಮಂಡಿ ಸದ್ದು ಮಾಡಿತು. ಹೋಗಿ ಅವಳ ಪಕ್ಕ ನಿಂತು ಬೆರಳು ಕೊಟ್ಟೆ. ‘ಬಾ, ಇಬ್ರೂ ದಾಟೋಣ’ ಎಂದೆ. ಅವಳು ಬೆರಳನ್ನು ಪೂರಾ ಮುಷ್ಟಿಯಲ್ಲಿ ಹಿಡಿದುಕೊಂಡಳು. ನಾನು ಒಂದು ಕಾಲು ಆಚೆ ಇಟ್ಟೆ, ಅವಳು ನನ್ನ ಕಾಲನ್ನು ನೋಡಿ ತನ್ನದನ್ನು ಇಟ್ಟಳು. ಸ್ಮಿತಾ ಅವಳನ್ನು ಎತ್ತಿ ಕತ್ತಿನಲ್ಲಿ ಮುಖ ಹುದುಗಿಸಿಕೊಂಡಳು. ಹಿಂದೆ ಕುರ್ಚಿಯಿಂದ ಒಂದೆರಡು ಚಪ್ಪಾಳೆ ಕೇಳಿತು. ಈ ಸಲ ನಾನು ಬೇಡವೆನ್ನಲಿಲ್ಲ.

ಈಗ ನಮ್ಮ ಮನೆಯ ನಿಯಮ ಇಷ್ಟೇ: ಹೊಸ್ತಿಲು ದಾಟಬಹುದು, ಬೆರಳು ಹಿಡಿದು. ಇದನ್ನು ಕಲಿಯಲು ಅವಳಿಗೆ ತಡವಾಗಲಿಲ್ಲ. ಓಡಿ ಹೋಗುತ್ತಾಳೆ, ಹೊಸ್ತಿಲ ಈಚೆ ನಿಲ್ಲುತ್ತಾಳೆ, ಒಂದು ಕೈ ಮೇಲಕ್ಕೆತ್ತುತ್ತಾಳೆ. ನನ್ನ ಮುಖ ನೋಡುವುದಿಲ್ಲ. ಅವಳ ಕಣ್ಣು ರಸ್ತೆಯ ಮೇಲೆ, ಕಾಗೆಗಳ ಮೇಲೆ. ಬೆರಳೊಂದು ಬಂದೇ ಬರುತ್ತದೆಂದು ಅವಳಿಗೆ ಖಾತ್ರಿಯಿದೆ. ಕೂತಲ್ಲಿಂದಲೇ ಒಂದು ಮಾತು ಹೇಳಿ ಕಾಲು ಚಾಚಿ ಕೂರಬಹುದೆಂದು ನಾನು ಇಷ್ಟೆಲ್ಲ ಮಾಡಿದ್ದು. ಈಗ ದಿನಕ್ಕೆ ಎಷ್ಟು ಸಲ ಏಳುತ್ತೇನೋ ಎಣಿಸುವುದನ್ನೇ ಬಿಟ್ಟಿದ್ದೇನೆ. ಸ್ಮಿತಾ ಡೇ ಕೇರ್ ಮಾತೆತ್ತಿಲ್ಲ. ಎತ್ತಿದರೆ ಏನು ಹೇಳಬೇಕೆಂದು ನನ್ನ ಮಂಡಿಯೂ ನಾನೂ ಇನ್ನೂ ಒಪ್ಪಂದಕ್ಕೆ ಬಂದಿಲ್ಲ.

ಇನ್ನೂ ಏನೋ ಹೇಳುವುದಿತ್ತು. ಅಗೋ, ಹೊಸ್ತಿಲ ಹತ್ತಿರ ಕೈ ಮೇಲೆದ್ದಿದೆ. ಇರೇ ಚಿನ್ನು, ಬಂದೆ.